ಸ್ಟೆಪ್ನಿ ಮತ್ತು ಕಾಲು ಮೈಲಿ

ನಮ್ಮ ಮನೆಯ ಮುಂದೆ ಒಂದು ಬೊಲೆರೊ ಪಿಕಪ್ ನಿಂತಿರುತ್ತದೆ. ಸಾತನೂರು ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಗೂಡು ತುಂಬಿಕೊಂಡು, ಕನಕಪುರ ದಾಟಿ, ರಾಮನಗರದ ಗೂಡಿನ ಮಾರುಕಟ್ಟೆಗೆ ಮುಟ್ಟಿಸುವುದು ಅದರ ಕೆಲಸ. ಓಡಿಸುವವರು ಅಬ್ಬಾ. ಕಂತು ಇನ್ನೂ 14 ತಿಂಗಳು ಬಾಕಿ ಇದೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ, ಮನೆಯಲ್ಲಿ ಕಾಮರ್ಸ್ ಓದುವವನು ನಾನೊಬ್ಬನೇ ಅಂತ.

ಕಳೆದ ವರ್ಷ ನನ್ನ ತಲೆ ತುಂಬ ಬೇರೆಯೇ ಪಿಕಪ್‌ಗಳಿದ್ದವು. ಅಮೆರಿಕದಲ್ಲಿ ಪಿಕಪ್‌ಗಳನ್ನು ಡ್ರ್ಯಾಗ್ ಸ್ಟ್ರಿಪ್‌ಗೆ ತಂದು ಓಡಿಸುತ್ತಾರೆ. ನೇರವಾದ ದಾರಿ, ಕಾಲು ಮೈಲಿ, ಅಂದರೆ 402 ಮೀಟರ್. ನನಗೆ ಹುಚ್ಚು ಹಿಡಿಸಿದ್ದು ಎಂಜಿನ್ ಬಿಚ್ಚಿ ಏನೇನೋ ಜೋಡಿಸಿದ ಗಾಡಿಗಳಲ್ಲ, ಷೋರೂಮಿನಿಂದ ಬಂದ ಹಾಗೆಯೇ ಓಡಿಸುವ ಗಾಡಿಗಳು. ರ‍್ಯಾಮ್ ಟಿಆರ್‌ಎಕ್ಸ್‌ಗೆ 702 ಅಶ್ವಶಕ್ತಿ, 12 ಸೆಕೆಂಡ್ ಚಿಲ್ಲರೆಯಲ್ಲಿ ಗೆರೆ ದಾಟುತ್ತದೆ. ಬ್ಯಾಟರಿಯ ರಿವಿಯನ್ 11.6. ಟೆಸ್ಲಾದ ಸೈಬರ್‌ಟ್ರಕ್ ಸುಮಾರು 11. ಈ ಟೆಸ್ಲಾ ಕಂಪನಿ 2023ರಲ್ಲಿ ತನ್ನ ಟ್ರಕ್ ಒಂದು ಪೋರ್ಷೆ ಕಾರನ್ನು ಹಿಂದೆ ಎಳೆದುಕೊಂಡೇ ಇನ್ನೊಂದು ಪೋರ್ಷೆಯನ್ನು ಸೋಲಿಸಿದ ವಿಡಿಯೊ ತೋರಿಸಿತು. ಕಾಲು ಮೈಲಿ ಎಂದೇ ಎಲ್ಲರೂ ನಂಬಿದರು. ಆಮೇಲೆ ನೋಡಿದರೆ ಓಟ ಮುಗಿದದ್ದು ಅದರ ಅರ್ಧಕ್ಕೇ! ಅರ್ಧ ಪೇಪರ್ ಬರೆದು ಫಸ್ಟ್ ಕ್ಲಾಸ್ ಅಂದ ಹಾಗೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಹಳೆಯದೊಂದು, 1991ರ ಜಿಎಂಸಿ ಸೈಕ್ಲೋನ್. ಸಣ್ಣ ಪಿಕಪ್, 280 ಅಶ್ವಶಕ್ತಿ. ಒಂದು ಪತ್ರಿಕೆಯವರು ಅದನ್ನು ಫೆರಾರಿ 348ರ ಪಕ್ಕ ನಿಲ್ಲಿಸಿ ಓಡಿಸಿದರು. ಪಿಕಪ್‌ಗೆ 14.1 ಸೆಕೆಂಡ್, ಫೆರಾರಿಗೆ 14.5. ಇದನ್ನು ಊಟದ ಹೊತ್ತಿನಲ್ಲಿ ಅಬ್ಬಾಗೆ ಹೇಳಿದೆ. "ಲೋಡ್ ಎಷ್ಟು ತಗೊಳ್ಳುತ್ತೆ?" ಎಂದು ಉರ್ದುವಿನಲ್ಲಿ ಕೇಳಿದರು. ಹುಡುಕಿ ನೋಡಿದೆ. 500 ಪೌಂಡ್, ಸುಮಾರು 227 ಕಿಲೋ. "ಹಾಗಾದ್ರೆ ಗೂಡು ಗಾಡಿಯಲ್ಲಿ ಬರುತ್ತೆ, ರೈತರು ನಡೆದುಕೊಂಡು ಬರಬೇಕು" ಅಂದರು. ಅಮ್ಮಿ ನಗುತ್ತಾ ರೊಟ್ಟಿ ಬಡಿಸಿದರು.

ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಒಂದು ವಿಚಿತ್ರವಿದೆ. ಹಸಿರು ದೀಪ ಹತ್ತಿದಾಗ ಗಡಿಯಾರ ಶುರುವಾಗುವುದಿಲ್ಲ. ನೆಲದ ಹತ್ತಿರ ಅಡ್ಡಲಾಗಿ ಒಂದು ಬೆಳಕಿನ ಕಿರಣ ಇರುತ್ತದೆ. ಮುಂದಿನ ಚಕ್ರ ಅದನ್ನು ಬಿಟ್ಟು ಹೊರಟಾಗಲೇ ಸೆಕೆಂಡ್ ಎಣಿಕೆ. ದೀಪ ಬಂದ ಮೇಲೆ ಎಷ್ಟು ತೂಕಡಿಸಿದೆ ಅನ್ನುವುದನ್ನು ಚೀಟಿಯಲ್ಲಿ ಬೇರೆಯೇ ಬರೆಯುತ್ತಾರೆ. ಅದಕ್ಕೇ ಒಳ್ಳೆಯ ಸೆಕೆಂಡ್ ಬಂದರೂ ಓಟ ಸೋಲಬಹುದು.

ಆ ಭಾನುವಾರ ನಾನು ಇದನ್ನೇ ನೋಡುತ್ತಾ ಕೂತಿದ್ದೆ. ಅಬ್ಬಾ ಬೆಳಿಗ್ಗೆಯೇ ಹೇಳಿದ್ದರು, ಸ್ಟೆಪ್ನಿ ಪಂಕ್ಚರ್ ಆಗಿದೆ, ಅಂಗಡಿಗೆ ಉರುಳಿಸಿಕೊಂಡು ಹೋಗಿ ಹಾಕಿಸಿಕೊಂಡು ಬಾ ಅಂತ. ಹೂಂ ಅಂದೆ. ಮಧ್ಯಾಹ್ನವೂ ಹೂಂ ಅಂದೆ. ಸಂಜೆ ಅಂಗಡಿ ಮುಚ್ಚಿತ್ತು. ಅಬ್ಬಾ ಕೇಳಲಿಲ್ಲ, ನಾನು ಹೇಳಲಿಲ್ಲ.

ಮರುದಿನ ಕಾಲೇಜಿಗೆ ರಜೆ ಇತ್ತು, ನಾನೂ ಜೊತೆಗೆ ಹೋದೆ. ಮೂವರು ರೈತರ ಗೂಡು, 210 ಕಿಲೋ. ಕನಕಪುರಕ್ಕೆ ಐದಾರು ಕಿಲೋಮೀಟರ್ ಇರುವಾಗ ಹಿಂದಿನ ಟೈರ್ ಕೂತಿತು. ಅಬ್ಬಾ ಸ್ಟೆಪ್ನಿ ಇಳಿಸಿ ಕೈಯಲ್ಲಿ ಒತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಏನೂ ಅನ್ನದೆ, ಯಾರದೋ ಬೈಕ್ ನಿಲ್ಲಿಸಿ, ಟೈರನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದರು.

ಗೂಡಿನೊಳಗೆ ಹುಳು ಜೀವಂತ ಇರುತ್ತದೆ. ಚೀಲದಲ್ಲಿ ಒತ್ತೊತ್ತಾಗಿ ಬಹಳ ಹೊತ್ತು ಬಿಟ್ಟರೆ ಬಿಸಿಯಾಗಿ ಬೆವರುತ್ತದೆ, ಗೂಡು ಕೆಡುತ್ತದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ. ರೀಲರ್‌ಗಳು ಕೈಗೆ ತೆಗೆದುಕೊಂಡ ತಕ್ಷಣ ಕಂಡುಹಿಡಿಯುತ್ತಾರೆ. ಮೂವರು ರೈತರಲ್ಲಿ ವಯಸ್ಸಾದವರೊಬ್ಬರು, "ಮಗಾ, ಟಾರ್ಪಾಲು ಹಾಸು, ಗಾಳಿ ಆಡ್ಲಿ" ಅಂದರು. ರಸ್ತೆ ಪಕ್ಕದ ಹುಣಸೆ ಮರದ ಕೆಳಗೆ ಗೂಡು ಹರಡಿ ಕೂತೆವು. ಎರಡು ಗಂಟೆ ಹತ್ತು ನಿಮಿಷ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇತ್ತು, ನೋಡುವ ಧೈರ್ಯ ಬರಲಿಲ್ಲ. ಆ ಅಜ್ಜ ನಡುವೆ ನನಗೆ ಅರ್ಧ ಬನ್ ಕೊಟ್ಟರು. ತಿನ್ನುವುದೂ ಕಷ್ಟವಾಯಿತು.

ಮಾರುಕಟ್ಟೆ ಮುಟ್ಟುವಾಗ ಹರಾಜು ಮುಗಿಯುತ್ತಾ ಬಂದಿತ್ತು. ಹಿಂದಿನ ದಿನ ಅವರ ಪಕ್ಕದ ತೋಟದವರಿಗೆ ಸಿಕ್ಕಿದ್ದಕ್ಕಿಂತ ಕಿಲೋಗೆ 40 ರೂಪಾಯಿ ಕಡಿಮೆ. 210ನ್ನು 40ರಿಂದ ಗುಣಿಸುವುದಕ್ಕೆ ಕಾಮರ್ಸ್ ಓದಬೇಕಾಗಿಲ್ಲ. ರೈತರು ಬಾಡಿಗೆ ಎಣಿಸತೊಡಗಿದಾಗ ಅಬ್ಬಾ ಬೇಡ ಅಂದರು. "ಬಿಡಿ ಸಾಬ್ರೇ, ಪಂಕ್ಚರ್ ಯಾರ ಕೈಲಿ ಐತೆ" ಅಂದರು ಅಜ್ಜ. "ಸ್ಟೆಪ್ನಿ ನೋಡ್ಕೊಳ್ಳಬೇಕಾಗಿತ್ತು, ತಪ್ಪು ನನ್ನದು" ಅಂತ ಅಬ್ಬಾ ಕನ್ನಡದಲ್ಲಿ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನದು ಅನ್ನಲು ಬಾಯಿ ಬರಲಿಲ್ಲ.

ಆ ತಿಂಗಳ ಕಂತಿಗೆ ಮಾಮುವಿನ ಹತ್ತಿರ ಸಾಲ ಮಾಡಿದರು. ಪುಸ್ತಕದಲ್ಲಿ ಆ ದಿನದ ಬಾಡಿಗೆಯ ಸಾಲಿನಲ್ಲಿ ಸೊನ್ನೆ ಬರೆದೆ. ಡೀಸೆಲ್ ಖರ್ಚಿನ ಖಾತೆಗೆ ಹೋಯಿತು. ಆದರೆ ಆ 8,400 ರೂಪಾಯಿಗೆ ನಮ್ಮ ಪುಸ್ತಕದಲ್ಲಿ ಜಾಗವೇ ಇಲ್ಲ, ಅದು ನಮ್ಮ ನಷ್ಟವಲ್ಲವಲ್ಲ. ಹದಿನೈದು ದಿನ ಬಿಟ್ಟು ಅಬ್ಬಾಗೆ ಭಾನುವಾರದ ವಿಷಯ ಹೇಳಿದೆ. "ಗೊತ್ತು" ಅಂದರು.

ಡ್ರ್ಯಾಗ್ ವಿಡಿಯೊ ಈಗಲೂ ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ಹಲಗೂರು ರಸ್ತೆಯಲ್ಲಿ ಬೈಕ್ ಪಂದ್ಯ ಕಟ್ಟೋಣ ಅಂತ ಗೆಳೆಯನೊಬ್ಬ ಕರೆದಾಗ ಹೋಗಲಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000ದವರೆಗೆ ದಂಡ, ಎರಡೂ ಆಗಬಹುದು. ಅದನ್ನು ಅವನಿಗೂ ಹೇಳಿದೆ.

ನಮ್ಮ ಬೊಲೆರೊದ ಕಾಲವನ್ನೂ ಒಂದು ದಿನ ಎಣಿಸಿದೆ. ರಸ್ತೆ ಪಕ್ಕದಲ್ಲಿ 200 ಮೀಟರಿಗೊಂದು ಕಲ್ಲು ಇರುತ್ತದಲ್ಲ, ನಿಂತ ಜಾಗದಿಂದ ಎರಡು ಕಲ್ಲು. ಗೂಡು ತುಂಬಿತ್ತು, ಅಬ್ಬಾ ಎಂದಿನಂತೆ ನಿಧಾನಕ್ಕೆ ಓಡಿಸಿದರು. 38 ಸೆಕೆಂಡ್. "ಎಷ್ಟು?" ಅಂತ ಕೇಳಿದರು. ಹೇಳಿದೆ. "ಫೆರಾರಿಗೆ?" ಅಂದರು.

ನಿನ್ನೆ ರಾತ್ರಿ ಆ ಅಜ್ಜನ ಫೋನ್ ಬಂತು. "ಸಾಬ್ರೇ, ಗೂಡು ಬಿಡಿಸಿವ್ನಿ, ನಾಲ್ಕು ಗಂಟೆಗೆ ಬಂದ್ಬುಡಿ." ಟಾರ್ಚ್ ಹಿಡಿದು ಕೆಳಗಿಳಿದು ಸ್ಟೆಪ್ನಿ ಒತ್ತಿ ನೋಡಿದೆ. ಗಟ್ಟಿಯಾಗಿತ್ತು.