ಅಂಗೈಯಗಲದ ಲೋಕದಲ್ಲಿ ದೇಶಾಟನ

ಆಟವೆಂದರೆ ಕಾಲಹರಣವೆಂದೂ ಯಾತ್ರೆಯೆಂದರೆ ಪುಣ್ಯಸಂಪಾದನೆಯೆಂದೂ ತಿಳಿದ ಮನೆತನದಲ್ಲಿ ಹುಟ್ಟಿ ಬೆಳೆದವರು ನಾವು. ಆದರೂ ಈ ಎರಡೂ ಒಂದೇ ಪಟದ ಮೇಲೆ ಕೂಡಿ ಬರುವುದನ್ನು ಬಾಲ್ಯದಲ್ಲಿಯೇ ಕಂಡಿದ್ದೇವೆ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಹಿರಿಯರು ಪರಮಪದಸೋಪಾನದ ಪಟವನ್ನು ಹಾಸಿ, ಕವಡೆ ಬಿಟ್ಟು, ಹಾವಿನ ಬಾಯಿಗೆ ಬಿದ್ದು ಕೆಳಗಿಳಿದು, ಏಣಿ ಹತ್ತಿ, ಬೆಳಗಾಗುವುದರೊಳಗೆ ಹೇಗೋ ವೈಕುಂಠವನ್ನು ಸೇರುತ್ತಿದ್ದರು. ಜಪಾನಿನವರಲ್ಲಿಯೂ ಇಂತಹ ಪಟದಾಟವೊಂದುಂಟು. ಅದಕ್ಕೆ ಸುಗೊರೊಕು ಎಂದು ಹೆಸರು. ಎದೋ ನಗರದಿಂದ ಕ್ಯೋತೋ ನಗರದವರೆಗಿನ ತೊಕೈದೊ ಹೆದ್ದಾರಿಯ ೫೩ ತಂಗುದಾಣಗಳನ್ನು ಸಾಲಾಗಿ ಚಿತ್ರಿಸಿ, ದಾಳ ಉರುಳಿಸುತ್ತ ಒಂದೊಂದನ್ನೇ ದಾಟಿ, ಮನೆಯ ಚಾಪೆಯ ಮೇಲೆ ಕುಳಿತೇ ರಾಜಧಾನಿಯನ್ನು ತಲಪುವ ಪಟಗಳು ಹಿಂದಿನ ಕಾಲದಲ್ಲಿ ಅಲ್ಲಿ ವಿಶೇಷ ಪ್ರಚಾರದಲ್ಲಿದ್ದುವು. ಪ್ರೀತಿಯ ಮಗುವನ್ನು ಪ್ರಯಾಣಕ್ಕೆ ಕಳುಹಿಸಬೇಕೆಂಬ ಅರ್ಥದ ಗಾದೆಯೂ ಆ ಜನರಲ್ಲಿ ಇದೆ.

ಈಗ ನಾವು ಹೇಳಹೊರಟಿರುವುದು ಅದೇ ದೇಶದವರು ಯಂತ್ರದೊಳಗೆ ಕಟ್ಟಿರುವ ಯಾತ್ರೆಯ ಆಟಗಳ ವಿಷಯ. ಇವುಗಳನ್ನು ರೋಲ್ ಪ್ಲೇಯಿಂಗ್ ಆಟಗಳೆನ್ನುವರು. ಎಂದರೆ ಆಡುವವನು ಕಥೆಯೊಳಗಿನ ಪಾತ್ರವೊಂದನ್ನು ತಾನೇ ವಹಿಸತಕ್ಕ ಆಟಗಳು. ಮೇಲೆ ಹೇಳಿದ ಪಟಗಳಿಗೂ ಇವಕ್ಕೂ ನೇರವಾದ ವಂಶಸಂಬಂಧವನ್ನು ಸಾಧಿಸುವ ಉದ್ದೇಶ ನಮಗಿಲ್ಲ. ವಂಶಾವಳಿ ಬೇರೆಯೇ ಇದೆ. ೧೯೭೪ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಮೇಲಣ ಆಟವು ಪ್ರಕಟವಾಯಿತು. ೧೯೮೧ರಲ್ಲಿ ಅದೇ ಜಾಡಿನ ‘ಅಲ್ಟಿಮಾ’, ‘ವಿಝಾರ್ಡ್ರಿ’ ಎಂಬುವು ಕಂಪ್ಯೂಟರಿಗೆ ಬಂದುವು. ಆವಾಜೀ ದ್ವೀಪದಲ್ಲಿ ಹುಟ್ಟಿದ ಹೊರೀ ಯೂಜಿ ಎಂಬುವರು ಈ ಎರಡನ್ನೂ ಆಡಿ ಮೆಚ್ಚಿ, ಒಂದರಿಂದ ಬಯಲಿನ ಸಂಚಾರವನ್ನೂ ಇನ್ನೊಂದರಿಂದ ಕಾಳಗದ ಕ್ರಮವನ್ನೂ ತೆಗೆದುಕೊಂಡು, ಶಾಲೆಯ ಹುಡುಗರಿಗೂ ತಿಳಿಯುವಂತೆ ಸರಳಗೊಳಿಸಿದರು. ಹೀಗೆ ಹುಟ್ಟಿದ ‘ಡ್ರ್ಯಾಗನ್ ಕ್ವೆಸ್ಟ್’ ೧೯೮೬ನೆಯ ಇಸವಿ ಮೇ ತಿಂಗಳ ೨೭ರಂದು ಜಪಾನಿನ ಅಂಗಡಿಗಳಿಗೆ ಬಂದಿತು. ಅದಕ್ಕೆ ಚಿತ್ರ ಬರೆದವರು ತೊರಿಯಾಮಾ ಅಕಿರಾ. ಸಂಗೀತ ಕೂಡಿಸಿದವರು ಸುಗಿಯಾಮಾ ಕೋಇಚಿ. ಇವರಿಬ್ಬರೂ ಈಗಿಲ್ಲ. ಆದರೆ ೨೦೨೧ನೆಯ ಜುಲೈ ೨೩ರಂದು ತೋಕಿಯೋ ಒಲಿಂಪಿಕ್ ಕ್ರೀಡೆಗಳ ಆರಂಭದಲ್ಲಿ ನಾನಾ ದೇಶದ ಕ್ರೀಡಾಪಟುಗಳು ಮೆರವಣಿಗೆ ಹೊರಟಾಗ ಮೊದಲು ಮೊಳಗಿದ್ದು ಈ ಆಟದ ಸಂಗೀತವೇ ಎಂಬುದರಿಂದ, ಆ ದೇಶದಲ್ಲಿ ಇದಕ್ಕಿರುವ ಸ್ಥಾನವನ್ನು ವಾಚಕರು ಊಹಿಸಬಹುದು.

ಆ ಮೊದಲನೆಯ ಆಟವೆಲ್ಲವೂ ೬೪ ಕಿಲೋಬೈಟಿನಲ್ಲಿ ಅಡಗಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೆ ಅದರ ಹತ್ತಾರು ಪಾಲು ಸ್ಥಳ ಬೇಕು. ಅಷ್ಟು ಸಂಕುಚಿತವಾದ ಜಾಗದಲ್ಲಿ ಒಂದು ರಾಜ್ಯ, ಅದರ ಊರುಗಳು, ಗುಹೆಗಳು, ಸಮುದ್ರ, ಇವೆಲ್ಲ ಹೇಗೆ ಹಿಡಿಸಿದುವೆಂದು ನಮಗೆ ಮೊದಲು ಆಶ್ಚರ್ಯವಾಯಿತು. ವಿಚಾರಿಸಿದರೆ ಉಪಾಯವು ಸುಲಭವಾಗಿಯೇ ಇದೆ. ಕಥಾನಾಯಕನು ಪಯಣಕ್ಕೆ ಹೊರಟೊಡನೆ ನೀರಿನಾಚೆ ವೈರಿಯ ಕೋಟೆಯು ಕಣ್ಣಿಗೆ ಬೀಳುವುದು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಅಲ್ಲಿಗೆ ಹೋಗಬೇಕಾದರೆ ದೇಶವನ್ನೆಲ್ಲ ಬಳಸಿಕೊಂಡು ಬರಬೇಕು. ಅಡಿಗಡಿಗೆ ಮೃಗಗಳು ಅಡ್ಡಗಟ್ಟುವುವು. ಒಂದು ಸೇತುವೆಯನ್ನು ದಾಟಿದರೆ ಆಚೆಯ ದಡದ ಮೃಗಗಳು ಈಚೆಯವುಗಳಿಗಿಂತ ಬಲಿಷ್ಠ. ಆದಕಾರಣ ಸೇತುವೆಯ ತುದಿಯಲ್ಲಿ ನಿಂತು, ಕೈಯಲ್ಲಿರುವ ಮದ್ದಿನ ಸೊಪ್ಪೆಷ್ಟು, ಮೈಯಲ್ಲಿರುವ ಕಸುವೆಷ್ಟು, ಹಿಂದಿರುಗುವ ದಾರಿ ಎಷ್ಟು ಎಂದು ಲೆಕ್ಕ ಹಾಕದೆ ಮುಂದೆ ಹೆಜ್ಜೆಯಿಡುವಂತಿಲ್ಲ. ಘಟ್ಟ ಇಳಿಯುವ ಮುನ್ನ ನಮ್ಮ ಹಿಂದಿನವರು ಬುತ್ತಿಯ ಗಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದುದೂ ಇದೇ ಲೆಕ್ಕ. ಸೋತು ಬಿದ್ದರೆ ಆಟ ಮುಗಿಯಿತೆಂದಿಲ್ಲ. ನಾಯಕನು ಮತ್ತೆ ಎಚ್ಚರಗೊಳ್ಳುವನು, ಆದರೆ ಹಣದ ಚೀಲದಲ್ಲಿ ಅರ್ಧ ಹೋಗಿರುವುದು. ಮುಂದಿನ ಭಾಗಗಳಲ್ಲಿ ಹಣವಿಡಲು ಬ್ಯಾಂಕೊಂದನ್ನು ಏರ್ಪಡಿಸಿದ್ದಾರೆ. ಅಲ್ಲಿಟ್ಟ ಹಣಕ್ಕೆ ಈ ನಷ್ಟವಿಲ್ಲ. ಬಡ್ಡಿಯೂ ಇಲ್ಲವೆಂಬುದೊಂದೇ ಗೃಹಸ್ಥರಾದ ನಮ್ಮ ಆಕ್ಷೇಪಣೆ.

ಮೊದಲ ಆಟದಲ್ಲಿ ನಡೆದ ದಾರಿಯನ್ನು ಯಂತ್ರವು ನೆನಪಿಡುತ್ತಿರಲಿಲ್ಲ. ರಾಜನು ೨೦ ಅಕ್ಷರಗಳ ಮಂತ್ರವೊಂದನ್ನು ಹೇಳುವನು. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮಾರನೆಯ ದಿನ ಒಪ್ಪಿಸಿದರೆ ನಿಂತಲ್ಲಿಂದ ಮುಂದುವರಿಯಬಹುದು. ಎರಡನೆಯ ಆಟದಲ್ಲಿ ಆ ಮಂತ್ರವು ೫೨ ಅಕ್ಷರಗಳವರೆಗೂ ಬೆಳೆಯಿತು. ಒಂದಕ್ಷರ ತಪ್ಪಿದರೆ ವಾರಗಳ ಪ್ರಯಾಣವೆಲ್ಲ ನೀರಿನಲ್ಲಿ ಹೋಮ! ೧೯೮೮ರ ಮೂರನೆಯ ಆಟದಲ್ಲಿ ಬ್ಯಾಟರಿಯನ್ನಿಟ್ಟು ಈ ಕಷ್ಟವನ್ನು ತಪ್ಪಿಸಿದರು. ಆ ಮೂರನೆಯ ಆಟವು ಬುಧವಾರ ಬಿಡುಗಡೆಯಾದುದರಿಂದ ಹುಡುಗರು ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲು ನಿಂತರಂತೆ.

ಇದರ ಜೊತೆಯ ಇನ್ನೊಂದು ಪ್ರಸಿದ್ಧವಾದ ಮಾಲೆ ‘ಫೈನಲ್ ಫ್ಯಾಂಟಸಿ’. ಸಕಾಗುಚಿ ಹಿರೊನೊಬು ಎಂಬುವರು ೧೯೮೭ರಲ್ಲಿ ಪ್ರಾರಂಭಿಸಿದ್ದು. ಅದರಲ್ಲಿ ಒಂದು ಚಮತ್ಕಾರವುಂಟು. ಆಡುವವನು ರಾಜಕುಮಾರಿಯನ್ನು ಬಿಡಿಸಿ ತಂದಮೇಲೆ ರಾಜನು ಮುರಿದ ಸೇತುವೆಯನ್ನು ಕಟ್ಟಿಸಿಕೊಡುವನು. ಆ ಸೇತುವೆಯ ಮೇಲೆ ಕಾಲಿಟ್ಟಾಗ ಕಥೆಯ ಪೀಠಿಕೆಯು ತೆರೆಯುವುದು. ಅಷ್ಟು ಹೊತ್ತು ಆಡಿದ್ದು ಹೊಸ್ತಿಲೊಳಗಿನ ಮಾತೆಂದು ಆಗ ತಿಳಿಯುವುದು. ೧೯೯೭ರ ಏಳನೆಯದರಲ್ಲಿಯೂ ಕಬ್ಬಿಣ ಹೊಗೆಗಳ ಮಹಾನಗರವೊಂದರಲ್ಲಿ ಗಂಟೆಗಟ್ಟಲೆ ಸುತ್ತಿದ ಮೇಲೆ ಊರ ಬಾಗಿಲಾಚೆಯ ಬಯಲು ಇದ್ದಕ್ಕಿದ್ದ ಹಾಗೆ ಕಾಣಿಸುವುದು. ಈಚಿನವುಗಳಲ್ಲಿ ವಿಸ್ತಾರವು ಮಿತಿಮೀರಿದೆ. ೨೦೧೦ರ ‘ಝೆನೊಬ್ಲೇಡ್’ ಎಂಬುದರಲ್ಲಿ ಜನರು ವಾಸಿಸುವುದೇ ನಿಶ್ಚಲರಾಗಿ ನಿಂತ ಇಬ್ಬರು ಮಹಾದೈತ್ಯರ ಮೈಮೇಲೆ. ಕಾಲಿನ ಮೇಲೊಂದು ಹುಲ್ಲುಗಾವಲಾದರೆ ತಲೆಯ ಮೇಲೊಂದು ಸಮುದ್ರ. ನೋಡಲು ಅದ್ಭುತವೇ ಸರಿ. ಆದರೂ ನಮ್ಮ ಅಭಿಪ್ರಾಯದಲ್ಲಿ, ಆ ಹಳೆಯ ೬೪ ಕಿಲೋಬೈಟಿನ ಸೇತುವೆಯು ಹುಟ್ಟಿಸುತ್ತಿದ್ದ ದೂರದ ಭಾವನೆಯನ್ನು ಈ ದೈತ್ಯರು ಎರಡರಷ್ಟು ಮಾಡಿಲ್ಲ.

ಸಂಸಾರಿಗಳಿಗೆ ಹಿತವಾದ ಇನ್ನೊಂದನ್ನು ಹೇಳಿ ಮುಂದುವರಿಯುವೆವು. ಇತೋಯಿ ಶಿಗೆಸಾತೊ ಎಂಬ ಲೇಖಕರು ಯೋಜಿಸಿದ ‘ಮದರ್’ ಮಾಲೆಯ ಎರಡನೆಯ ಆಟವು ೧೯೯೪ರಲ್ಲಿ ಬಂದಿತು. ಅದರ ನಾಯಕನು ಸಣ್ಣ ಹುಡುಗ. ಅವನ ತಂದೆಯು ಕಣ್ಣಿಗೆ ಬೀಳುವುದೇ ಇಲ್ಲ. ಟೆಲಿಫೋನಿನಲ್ಲಿ ಮಾತ್ರ ದೊರೆಯುವನು, ಮಗನ ಲೆಕ್ಕಕ್ಕೆ ಹಣ ಕಟ್ಟುವನು, ಬಹಳ ಹೊತ್ತು ಆಡಿದರೆ ಸ್ವಲ್ಪ ವಿಶ್ರಾಂತಿ ತೆಗೆದುಕೋ ಎನ್ನುವನು. ಹುಡುಗನು ಬಹುಕಾಲ ತಾಯಿಗೆ ಫೋನು ಮಾಡದಿದ್ದರೆ ಅವನಿಗೆ ಮನೆಯ ಹಂಬಲ ಹಿಡಿಯುವುದು. ಕಾಳಗದ ನಡುವೆ ತಾಯಿಯನ್ನು ನೆನೆದು ಸುಮ್ಮನೆ ನಿಂತುಬಿಡುವನು. ಅದಕ್ಕೆ ಔಷಧವಿಲ್ಲ, ತಾಯಿಯ ಸ್ವರವನ್ನು ಕೇಳಿದರೆ ಆಯಿತು. ಕಡೆಯ ಶತ್ರುವನ್ನು ಗೆದ್ದ ಮೇಲೆಯೂ ಆಟವು ನಿಲ್ಲದೆ, ಬಂದ ದಾರಿಯ ಊರುಗಳಲ್ಲಿ ತಿರುಗಾಡಿ ಮನೆಗೆ ಹಿಂದಿರುಗಲು ಬಿಡುವರು. ಹೋಗುವುದನ್ನು ಎಲ್ಲರೂ ಬರೆಯುತ್ತಾರೆ. ತಿರುಗಿ ಬರುವುದನ್ನು ಬರೆದವರು ವಿರಳ.

ಇನ್ನು ನಮ್ಮ ಮನೆಯ ಮಾತು. ನಮ್ಮ ಸೋದರಳಿಯನು ನಮ್ಮಲ್ಲಿದ್ದುಕೊಂಡು ಓದುತ್ತಿರುವನು. ಹದಿಮೂರು ವರ್ಷದ ಹುಡುಗ. ಅವನ ತಂದೆಯವರು ಮೂರು ವರ್ಷಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ತಾಯಿ, ಎಂದರೆ ನಮ್ಮ ತಂಗಿ, ಉದ್ಯೋಗದ ನಿಮಿತ್ತ ಪರಸ್ಥಳದಲ್ಲಿರುವಳು. ಹುಡುಗನು ಜಾಣ, ವಿಧೇಯ; ಆದರೆ ತಂದೆಯ ಮಾತನ್ನು ಮಾತ್ರ ಬಾಯಿಗೆ ತರುತ್ತಿರಲಿಲ್ಲ. ಯಾರಾದರೂ ತೆಗೆದರೆ ಎದ್ದು ಹೋಗುವನು. ಬೇಸಗೆಯ ರಜೆಯಲ್ಲಿ ನಮ್ಮ ಮಗಳು ಬೆಂಗಳೂರಿನಿಂದ ಬಂದಾಗ ಡ್ರ್ಯಾಗನ್ ಕ್ವೆಸ್ಟಿನ ಐದನೆಯ ಆಟವನ್ನು ಮೊಬೈಲಿನಲ್ಲಿ ಹಾಕಿಕೊಟ್ಟಳು. ಅದು ಜಪಾನಿನಲ್ಲಿ ೧೯೯೨ರಲ್ಲಿ ಹೊರಟಿದ್ದು. ಇಂಗ್ಲಿಷ್ ಮಾತುಗಳೊಡನೆ ಮೊಬೈಲಿಗೆ ಬಂದದ್ದು ೨೦೧೫ರಲ್ಲಿ. ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ನಡುನಡುವೆ ಹಣ ಕೇಳುವ ಪದ್ಧತಿಯಿಲ್ಲ. ಒಳಗೊಂದು ಜೂಜಿನ ಮನೆಯಿದೆ. ಅದು ನಮಗೆ ಹಿಡಿಸದು.

ಆ ಕಥೆಯ ನಾಯಕನು ಮೊದಲು ಚಿಕ್ಕ ಮಗು. ತಂದೆಯೊಡನೆ ಹಡಗಿನಿಂದಿಳಿದು ಊರೂರು ತಿರುಗುವನು. ತಂದೆಯ ಹೆಸರು ಜಪಾನೀ ಮೂಲದಲ್ಲಿ ಪಾಪಾಸ್, ಇಂಗ್ಲಿಷಿನಲ್ಲಿ ಪಾಂಕ್ರಾಜ್. ಮೃಗಗಳು ಅಡ್ಡ ಬಂದರೆ ಮಗು ಒಂದು ಪೆಟ್ಟು ಹಾಕುವುದರೊಳಗೆ ತಂದೆಯು ಎರಡು ಹಾಕುವನು; ಮಗುವಿಗೆ ಗಾಯವಾದರೆ ಯಾರೂ ಹೇಳದೆಯೇ ಮಂತ್ರ ಹಾಕಿ ಮಾಯಿಸುವನು. ಆಡುವವನು ಏನನ್ನೂ ಒತ್ತಬೇಕಾಗಿಲ್ಲ. ಮುಂದೆ ದುಷ್ಟನೊಬ್ಬನು ಮಗುವಿನ ಕೊರಳಿಗೆ ಆಯುಧವನ್ನಿಟ್ಟು ತಂದೆಯನ್ನು ನಿಲ್ಲಿಸುವನು. ಮಗುವಿಗೆ ಅಪಾಯವಾದೀತೆಂದು ತಂದೆಯು ಕೈಯೆತ್ತದೆ ಪೆಟ್ಟು ತಿಂದು ಅಲ್ಲಿಯೇ ಮಡಿಯುವನು.

ಅಂದು ರಾತ್ರಿ ಹುಡುಗನು ಮಜ್ಜಿಗೆಯನ್ನಕ್ಕೆ ಮೊದಲೇ ಎಲೆ ಬಿಟ್ಟು ಎದ್ದನು. ಮೊಬೈಲು ಬೀರುವಿನ ಮೇಲೆ ಹೋಯಿತು. ನಮ್ಮ ಮನೆಯವರು ಮಗಳಿಗೆ ಫೋನು ಮಾಡಿ ವಿಷಯ ತಿಳಿದುಕೊಂಡು, “ಇಂಥ ಕಥೆ ಈ ಮಗುವಿನ ಕೈಗೆ ಬೇಕಿತ್ತೇ? ನೀವು ಅದನ್ನು ತೆಗೆಸಿಬಿಡಿ” ಎಂದರು. ನಾವು ಒಪ್ಪಲಿಲ್ಲ. ದಶರಥನ ಮರಣವನ್ನು ಬಿಟ್ಟು ರಾಮಾಯಣ ಹೇಳುವವರುಂಟೇ? ಅಭಿಮನ್ಯುವನ್ನು ಉಳಿಸಿ ಭಾರತ ಓದುವವರುಂಟೇ? ಮಕ್ಕಳಿಗೆ ಈ ಕಥೆಗಳನ್ನು ನಾವೇ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತೇವೆ. ಆದರೆ ಅವರ ವಾದವೂ ಸುಳ್ಳಲ್ಲ: ಪುರಾಣದಲ್ಲಿ ಸಾಯುವವನು ಬೇರೆಯವರ ತಂದೆ, ಇಲ್ಲಿ ಹುಡುಗನೇ ಮಗುವಿನ ಪಾತ್ರವನ್ನು ಧರಿಸಿದ್ದನು. ಕಡೆಗೆ, ಅವನಾಗಿ ತೆಗೆದುಕೊಂಡರೆ ತಡೆಯಕೂಡದು, ನಾವಾಗಿ ಕೊಡಲೂ ಕೂಡದು ಎಂದು ತೀರ್ಮಾನವಾಯಿತು.

ಹನ್ನೊಂದು ದಿನ ಮುಟ್ಟಲಿಲ್ಲ. ಹನ್ನೆರಡನೆಯ ದಿನ ಸಂಜೆ ಮೊಬೈಲು ಹಿಡಿದು ಬಂದು, “ಮಾವ, ನೀವೂ ಕುಳಿತುಕೊಳ್ಳಿ” ಎಂದನು. ಕುಳಿತೆವು. ಕಥೆಯಲ್ಲಿ ಮಗುವು ದಾಸನಾಗಿ ಹತ್ತು ವರ್ಷ ಕಲ್ಲು ಹೊತ್ತು, ತಪ್ಪಿಸಿಕೊಂಡು, ದೊಡ್ಡವನಾಗಿ ಹೊರಗೆ ಬಂದಿದ್ದನು. ಬಾಲ್ಯದ ಹಳ್ಳಿಗೆ ಹೋದರೆ ಅದು ಹಾಳು ಬಿದ್ದಿತ್ತು; ತಂದೆಯು ಗುಹೆಯಲ್ಲಿ ಬಚ್ಚಿಟ್ಟಿದ್ದ ಕಾಗದವೊಂದು ಸಿಕ್ಕಿತು. ಬಯಲಿನಲ್ಲಿ ಮೃಗವೊಂದು ಗಾಯಗೊಳಿಸಿದಾಗ ಹುಡುಗನು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ, “ಇನ್ನು ಮೇಲೆ ಮದ್ದು ನಾನೇ ಹಾಕಿಕೊಳ್ಳಬೇಕು, ಮಾವ” ಎಂದನು.

ಅಲ್ಲಿಂದ ಮುಂದೆ ಮನೆಯೆಲ್ಲ ಆ ಪಯಣದಲ್ಲಿ ಸೇರಿತು. ಬಾಲ್ಯದಲ್ಲಿ ಸಾಕಿದ್ದ ಮರಿಯು ಬೆಳೆದು ಕ್ರೂರಮೃಗವಾಗಿ ಎದುರು ಬಿದ್ದಾಗ, ಬಾಲ್ಯದ ಗೆಳತಿಯ ತಲೆಪಟ್ಟಿಯ ವಾಸನೆಯಿಂದ ಅದು ಗುರುತು ಹಿಡಿದದ್ದನ್ನು ಕೇಳಿ ನಮ್ಮ ಮನೆಯವರು ಒಲೆಯ ಮೇಲಿನ ಸಾರನ್ನು ಮರೆತರು. ಹೆಣ್ಣು ಆರಿಸುವ ಪ್ರಸಂಗದಲ್ಲಂತೂ ದೊಡ್ಡ ಚರ್ಚೆ. ಒಬ್ಬಳು ಬಾಲ್ಯದ ಗೆಳತಿ ಬಿಯಾಂಕಾ. ಉಳಿದ ಇಬ್ಬರು ಧನಿಕನ ಮಕ್ಕಳು. “ಕತ್ತಲಲ್ಲಿ ಜೊತೆಗೆ ನಡೆದವಳನ್ನು ಬಿಟ್ಟು ಹಣವಂತರ ಮನೆಯ ಅಳಿಯನಾಗುವುದೇ?” ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಹುಡುಗನು ಅದಕ್ಕೆ ಮೊದಲೇ ಆರಿಸಿಯಾಗಿತ್ತು. ಮುಂದೆ ನಾಯಕನಿಗೆ ಅವಳಿ ಮಕ್ಕಳಾಗುವುವು. ಅವನು ವರ್ಷಗಟ್ಟಲೆ ಕಲ್ಲಾಗಿ ನಿಲ್ಲುವನು. ಮಕ್ಕಳೇ ಹುಡುಕಿ ಬಂದು ಬದುಕಿಸುವರು. ಲೋಕವು ಕಾಯುತ್ತಿದ್ದ ವೀರನು ನಾಯಕನಲ್ಲ, ಅವನ ಮಗ. ತಂದೆಯು ಹುಡುಕಿ ಸಿಗದೆ ಹೋದ ವೀರನು ಹೀಗೆ ಮೊಮ್ಮಗನಾಗಿ ಹುಟ್ಟಿದ್ದನು. ಹಡಗು, ಹಾರುವ ಜಮಖಾನ, ತೇಲುವ ಕೋಟೆ ಎಂದು ವಾಹನಗಳು ಹೆಚ್ಚಿದಂತೆ ಲೋಕವು ದೊಡ್ಡದಾಗುತ್ತ ಹೋಗುವುದು; ಆದರೆ ದಾರಿಯೆಲ್ಲವೂ ಮೂರು ತಲೆಮಾರುಗಳ ಒಂದು ಮನೆಯ ಸುತ್ತಲೇ ಹಾಯುವುದು.

ಕೊನೆಗೊಂದು ಚಿತ್ರಪಟದ ಪ್ರಸಂಗವಿದೆ. ಅದರ ಮುಂದೆ ನಿಂತ ನಾಯಕನು ತನ್ನ ಬಾಲ್ಯದ ಹಳ್ಳಿಗೆ, ಅದು ಹಾಳಾಗುವುದಕ್ಕೆ ಮುಂಚಿನ ದಿನಕ್ಕೆ, ಹೋಗಿ ಸೇರುವನು. ಅಲ್ಲಿ ಆಡುತ್ತಿರುವ ಮಗುವು ತಾನೇ. ಎಂತಹ ಕಷ್ಟ ಬಂದರೂ ಎದೆಗುಂದಬೇಡವೆಂದು ಮಗುವಿಗೆ ಹೇಳಬಹುದು. ಮನೆಯೊಳಗೆ ತಂದೆಯು ಜೀವದಿಂದಿರುವನು. ಅವನನ್ನೂ ಮಾತನಾಡಿಸಬಹುದು; ಆದರೆ ಏನು ಹೇಳಿದರೂ ಅವನ ಪ್ರಯಾಣವು ನಿಲ್ಲದು, ನಡೆಯತಕ್ಕದ್ದು ತಪ್ಪದು.

ಹುಡುಗನು ಅಲ್ಲಿ ಮಾಡಬೇಕಾದ ಕೆಲಸವನ್ನು ಬೇಗನೆ ಮುಗಿಸಿದನು. ಊರ ಬಾಗಿಲವರೆಗೆ ಬಂದವನು ಹಿಂದಿರುಗಿ ತಂದೆಯ ಬಳಿಗೆ ಹೋದನು, ಮಾತನಾಡಿಸಿದನು. ಮತ್ತೆ ಬಾಗಿಲಿಗೆ ಬಂದು ಮತ್ತೆ ಹೋದನು. ಹೊಸ ಮಾತೇನೂ ಬರಲಿಲ್ಲ. ಹುಡುಗನು ಅದನ್ನೇ ಓದಿದನು. ಎಷ್ಟು ಸಲವೆಂದು ನಾವು ಎಣಿಸಲಿಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದವರು ಸದ್ದು ಮಾಡದೆ ಒಳಗೆ ಹೋದರು.

ಆಟವಿನ್ನೂ ಪೂರ್ತಿಯಾಗಿಲ್ಲ, ಪರೀಕ್ಷೆಗಳು ಬಂದುವು. ದೀಪಾವಳಿಗೆ ತಂಗಿಯು ಬಂದಿದ್ದಳು. ಊಟವಾದ ಮೇಲೆ ಜಗಲಿಯಲ್ಲಿ ಹುಡುಗನು ಆ ಹಳ್ಳಿಯನ್ನೂ ಆ ಮನೆಯನ್ನೂ ಅವಳಿಗೆ ತೋರಿಸುತ್ತ, “ಅಪ್ಪ ನನ್ನನ್ನು ಮೊದಲ ಸಲ ಬಸ್ಸಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಿದ್ದರಮ್ಮ?” ಎಂದು ಕೇಳಿದನು. ಅವಳು ಸ್ವಲ್ಪ ಹೊತ್ತು ತಡೆದು, ಶ್ರವಣಬೆಳಗೊಳದ ಮೆಟ್ಟಿಲುಗಳಲ್ಲಿ ಅವನು ಅರ್ಧಕ್ಕೇ ಕುಳಿತು ಅತ್ತದ್ದು, ಅವರು ಹೆಗಲ ಮೇಲೆ ಹೊತ್ತುಕೊಂಡು ಹತ್ತಿದ್ದು, ಇಳಿಯುವಾಗ ಕಾಲು ಸುಡುತ್ತದೆಂದು ತಮ್ಮ ಕಾಲುಚೀಲವನ್ನು ಬಿಚ್ಚಿ ಅವನಿಗೆ ಹಾಕಿದ್ದು, ಎಲ್ಲವನ್ನೂ ಹೇಳಿದಳು. ಕಾಲುಚೀಲವು ಯಾವ ಬಣ್ಣದ್ದೆಂದು ಹುಡುಗನು ಕೇಳಿದನು. ಬೂದಿಬಣ್ಣವೆಂದು ತಂಗಿ, ಕಂದುಬಣ್ಣವೆಂದು ನಮ್ಮ ಮನೆಯವರು. ಅದು ಇನ್ನೂ ಇತ್ಯರ್ಥವಾಗಿಲ್ಲ.