ನೀರ ಬಳಿಯಲ್ಲಿಯೂ ಬಿಸಿಯೇರಿದ ಯಂತ್ರ

ಕಳೆದ ಸುಗ್ಗಿಯಲ್ಲಿ ಕಂಪ್ಲಿಯ ಬಳಿ ನಮ್ಮ ಗದ್ದೆಯ ಭತ್ತವನ್ನು ಒಕ್ಕುತ್ತಿದ್ದಾಗ ಟ್ರಾಕ್ಟರಿನ ಎಂಜಿನು ಕಾದು ಹಬೆಯನ್ನುಗುಳತೊಡಗಿತು. ಹತ್ತು ಮಾರು ದೂರದಲ್ಲಿಯೇ ಕಾಲುವೆಯ ತಣ್ಣೀರು ಹರಿಯುತ್ತಿದ್ದಿತು. ನಾನು ಒಂದು ಕೊಡ ನೀರು ತರಿಸಿ, ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಕ್ಕಿದೆನು. ಟ್ರಾಕ್ಟರು ನಡೆಯಿಸುತ್ತಿದ್ದ ಯುವಕನು ಥಟ್ಟನೆ ನನ್ನ ಕೈ ಹಿಡಿದು, "ಬೇಡಿ ಗುರುಗಳೇ! ಒಳಗೆ ಒತ್ತಡವಿದೆ, ನೀರು 100 ಡಿಗ್ರಿಗೂ ಮೀರಿ ಕಾದಿರುತ್ತದೆ. ತೆರೆದರೆ ಮುಖಕ್ಕೇ ಚಿಮ್ಮೀತು" ಎಂದನು. ಎಂಜಿನು ಆರಿದ ಮೇಲೆ ರೇಡಿಯೇಟರಿನ ಸಂದುಗಳಿಂದ ಹಿಡಿಯಷ್ಟು ಹೊಟ್ಟನ್ನು ತೆಗೆದು ತೋರಿಸಿದನು. ಗಾಳಿಗೆ ದಾರಿಯೇ ಇರಲಿಲ್ಲ.

"ಹಿಮದೇಶಗಳ ಸ್ನೋಮೊಬೈಲಿಗೂ ಇದೇ ಪಾಡು" ಎಂದು ಅವನೇ ವಿವರಿಸಿದನು. ಅಂತಹ ಅನೇಕ ವಾಹನಗಳಲ್ಲಿ, ಕೆಳಗಿನ ಪಟ್ಟಿಯು ಓಡುತ್ತಾ ಮೇಲಕ್ಕೆರಚುವ ಸಡಿಲ ಹಿಮವೇ ಎಂಜಿನಿನ ಬಿಸಿಯನ್ನು ಹೀರುವುದಂತೆ. ಹಿಮವು ಹೆಪ್ಪುಗಟ್ಟಿ ಕಲ್ಲಿನಂತಾದರೆ ಮೇಲಕ್ಕೇಳದು. ಸುತ್ತಲೂ ಶೈತ್ಯವಿದ್ದರೂ ಯಂತ್ರವು ಕಾಯುವುದು.

ಈತನನ್ನು ಹೊಸಪೇಟೆಯಲ್ಲಿ ನಾನು ಓದಿಸುತ್ತಿದ್ದಾಗ ಮಂದಮತಿಯೆಂದು ಗದರಿಸಿದ್ದುಂಟು. ಶಬ್ದರೂಪಗಳು ಅವನ ನಾಲಿಗೆಗೆ ಹತ್ತಲೇ ಇಲ್ಲ. ತಂಪು ಬಳಿಯಲ್ಲಿದ್ದರೆ ಸಾಲದು, ಬಿಸಿಯನ್ನು ಮುಟ್ಟಬೇಕು; ವಿದ್ಯೆಯೂ ಹಾಗೆಯೇ. ಅಂದು ನಮ್ಮಿಬ್ಬರ ನಡುವೆ ತುಂಬಿದ್ದ ಹೊಟ್ಟು ನನ್ನ ಸಿಟ್ಟೇ ಆಗಿದ್ದಿತೆಂದು ಈಗ ತೋರುತ್ತದೆ. ಮನೆಗೆ ಮರಳುವಾಗ ಅವನಿಗೆ ಇದನ್ನು ಹೇಳಿದೆನು. ಅವನು ನಕ್ಕು ಕೊಡವನ್ನು ಹೊತ್ತು ಮುಂದೆ ನಡೆದನು.