ಒಂದೇ ನಂಬರಿನ ಎರಡು ಟೈರು

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಒಂದು ರಿಲೀಸ್, ಅದರ ಹಿಂದೆ ಇನ್ನೊಂದು ರಿಲೀಸ್... ನಿಮಗೂ ಗೊತ್ತಿರೋ ಕಥೆಯೇ. ಇವತ್ತು ಬರೆಯೋಕೆ ಕೂತಿರೋದು ಬೈಕಿನ ಟೈರಿನ ಬಗ್ಗೆ. ನಗಬೇಡಿ, ಪೂರ್ತಿ ಓದಿ :)

ಕಳೆದ ಶನಿವಾರ ಊರಿಗೆ ಹೋಗಿದ್ದೆ. ನಮ್ಮೂರು ತಾಯಲೂರು, ಮುಳಬಾಗಿಲು ತಾಲ್ಲೂಕು. ಮುಳಬಾಗಿಲು ಅಂದ್ರೆ ಎಲ್ಲರಿಗೂ ದೋಸೆ ನೆನಪಾಗುತ್ತೆ, ಇಲ್ಲಾಂದ್ರೆ ಕುರುಡುಮಲೆ ಗಣಪತಿ. ತಾಯಲೂರು ಅಂದ್ರೆ ಮಾತ್ರ "ಅದೆಲ್ಲಿ ಬರುತ್ತೆ?" ಅಂತಾರೆ. ಆಂಧ್ರದ ಗಡಿಯ ತಾಲ್ಲೂಕು ನಮ್ಮದು. ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು, ಹೊಲದಲ್ಲಿ ಟಮೋಟ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಇಷ್ಟು ಸಾಕು ನಮ್ಮ ಮನೆಯ ಪರಿಚಯಕ್ಕೆ.

ಅಂಗಳದಲ್ಲಿ ಅಪ್ಪನ ಸ್ಪ್ಲೆಂಡರ್ ನಿಂತಿತ್ತು. 2007ರದ್ದು, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಹಿಂದಿನ ಟೈರು ನೋಡಿದೆ. ಬೋಳು ಅಂದ್ರೆ ಬೋಳು, ಹಲ್ಲಿನ ಗುರುತೇ ಇಲ್ಲ.

"ಅಪ್ಪ, ಇದನ್ನ ಯಾವಾಗ ಬದಲಾಯಿಸ್ತೀಯ?"

"ಓಡ್ತಾ ಐತಲ್ಲೋ."

ಈ ಸಲ ಒಳ್ಳೇ ಟೈರು ನಾನೇ ಹಾಕಿಸ್ತೀನಿ ಅಂತ ಅವತ್ತೇ ತೀರ್ಮಾನ ಮಾಡಿದೆ. ಆಫೀಸಿನಲ್ಲಿ ಒಬ್ಬ ಬೈಕ್ ಹುಚ್ಚಿನ ಗೆಳೆಯ ಇದಾನೆ. ಫೋನ್ ಮಾಡಿದರೆ, "100/90-18 ಹಾಕ್ಸು ಮಗಾ, ದಪ್ಪ ಇರುತ್ತೆ, ಗ್ರಿಪ್ ಸೂಪರ್" ಅಂದ. ನನಗೂ ಆಸೆ ಆಯ್ತು. ಆ ಬಡಕಲು ಚಕ್ರದ ಜಾಗದಲ್ಲಿ ಒಂದು ದಪ್ಪ ಟೈರು! ಆದ್ರೆ ಎಂಜಿನಿಯರ್ ಅಲ್ವಾ, ಲೆಕ್ಕ ಹಾಕಿ ನೋಡೋಣ ಅಂತ ಪೇಪರು ಪೆನ್ನು ಹಿಡಿದು ಜಗಲಿ ಮೇಲೆ ಕೂತೆ.

ಅಪ್ಪನ ಗಾಡಿಗೆ ಮುಂದೆ ಹಿಂದೆ ಎರಡೂ ಕಡೆ 2.75-18. ಅಂದ್ರೆ ಟೈರಿನ ಅಗಲ ಸುಮಾರು 2.75 ಇಂಚು, ಕೂರೋ ರಿಮ್ಮಿನ ವ್ಯಾಸ 18 ಇಂಚು. ಎತ್ತರ ಬರೆದಿರಲ್ಲ. ಹಳೇ ಇಂಚಿನ ಲೆಕ್ಕದ ಟೈರುಗಳಲ್ಲಿ ಎತ್ತರವೂ ಹೆಚ್ಚುಕಮ್ಮಿ ಅಗಲದಷ್ಟೇ. ಹೊಸ ಲೆಕ್ಕದಲ್ಲಿ 100/90-18 ಅಂದ್ರೆ ಅಗಲ 100 ಮಿಲಿಮೀಟರ್, ಎತ್ತರ ಅದರ ಶೇಕಡಾ 90, ರಿಮ್ಮು ಅದೇ 18 ಇಂಚು. ಈಗ ಬರೋ ಹೊಸ ಸ್ಪ್ಲೆಂಡರ್‌ಗಳಲ್ಲಿ ಕಂಪನಿಯೇ 80/100-18 ಹಾಕುತ್ತೆ. ಅಗಲ 80, ಎತ್ತರವೂ 80.

ರಿಮ್ಮು 457 ಮಿ.ಮೀ. ಮೇಲೊಂದು ಎತ್ತರ, ಕೆಳಗೊಂದು ಎತ್ತರ ಸೇರಿಸಿದರೆ 80/100-18ರ ಒಟ್ಟು ವ್ಯಾಸ 617. ಗೆಳೆಯ ಹೇಳಿದ್ದರದ್ದು 637. ಚಕ್ರ ಶೇಕಡಾ ಮೂರರಷ್ಟು ದೊಡ್ಡದಾಯ್ತು. ಸ್ಪ್ಲೆಂಡರಿನ ಸ್ಪೀಡೋಮೀಟರ್ ಕೇಬಲ್ ಇರೋದು ಮುಂದಿನ ಚಕ್ರಕ್ಕೆ, ಹಾಗಾಗಿ ಮುಳ್ಳು ಸುಳ್ಳು ಹೇಳಲ್ಲ. ಆದ್ರೆ ಎಳೆಯೋ ಶಕ್ತಿ ಅಷ್ಟು ಕಮ್ಮಿ ಆಗುತ್ತೆ. ನೂರು ಸಿಸಿ ಗಾಡಿ, ಹಿಂದೆ ಟಮೋಟ ಬಾಕ್ಸು, ಎದುರಿಗೆ ಏರು... ಮೂರು ಪರ್ಸೆಂಟೂ ಲೆಕ್ಕಕ್ಕೆ ಬರುತ್ತೆ.

ಅದಕ್ಕಿಂತ ದೊಡ್ಡ ತೊಂದರೆ ರಿಮ್ಮಿನದು. ಸ್ಪ್ಲೆಂಡರ್ ರಿಮ್ಮಿನ ಅಗಲ 1.6 ಇಂಚು. ಅದಕ್ಕೆ 100ರ ಟೈರು ಸಿಗಿಸಿದರೆ ಎರಡೂ ಪಕ್ಕ ಒಳಕ್ಕೆ ಎಳೆದುಕೊಂಡು ಟೈರು ಬಲೂನಿನ ಥರ ಉಬ್ಬುತ್ತೆ. ನೆಲಕ್ಕೆ ತಾಗೋದು ನಡುವಿನ ಪಟ್ಟಿ ಮಾತ್ರ. ದಪ್ಪ ಟೈರು ಹಾಕಿಯೂ ಹಿಡಿತ ಬರಲ್ಲ, ತಿರುವಿನಲ್ಲಿ ಓಲಾಡುತ್ತೆ ಬೇರೆ. ಜೊತೆಗೆ ಆ ಕಡೆ ಈ ಕಡೆ ಬೆರಳು ಹಾಕಿ ನೋಡಿದೆ. ಚೈನಿನ ಪಕ್ಕ ಅಷ್ಟು ಜಾಗವೇ ಇಲ್ಲ. ದಪ್ಪ ಟೈರಿನ ಆಸೆ ಅಲ್ಲಿಗೆ ಮುಗೀತು.

ಸರಿ, ಹಳೇ ಅಳತೆಯದೇ ತರೋಣ ಅಂತ ಗಾಡಿಯಲ್ಲಿದ್ದ ಟೈರಿನ ಪಕ್ಕದಲ್ಲಿ ಬರೆದಿದ್ದನ್ನ ಪೂರ್ತಿ ಓದಿದೆ. 2.75-18, 6ಪಿಆರ್, 48ಪಿ. ಕೊನೆಯ ಎರಡು ಏನಪ್ಪಾ ಅಂತ ಫೋನಿನಲ್ಲಿ ಹುಡುಕಿದೆ. ಪಿಆರ್ ಅಂದ್ರೆ ಟೈರಿನ ಗಟ್ಟಿತನದ ದರ್ಜೆ. ಹಿಂದೆ ಒಳಗಿನ ಬಟ್ಟೆಯ ಪದರಗಳನ್ನ ಎಣಿಸಿ ಹೇಳ್ತಿದ್ದರಂತೆ, ಈಗ ಅಷ್ಟೇ ಪದರ ಇರಬೇಕು ಅಂತೇನಿಲ್ಲ. ಪಿ ಅಂದ್ರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ ತಡೆಯುತ್ತೆ ಅಂತ. ಅಪ್ಪನ ಗಾಡಿ ಅರವತ್ತು ದಾಟಿದರೆ ಪುಣ್ಯ. 48 ಅಂದ್ರೆ ಆ ಟೈರು ಹೊರುವ ಭಾರ, 180 ಕೆಜಿ. 42 ಅಂತಿದ್ದರೆ 150 ಕೆಜಿ. ಸ್ಪ್ಲೆಂಡರಿನ ಮುಂದಿನ ಟೈರು 42, ಹಿಂದಿನದು 48. ಅಳತೆ ಎರಡಕ್ಕೂ ಒಂದೇ, 2.75-18.

ಅಷ್ಟು ಓದಿದ್ದೇ ಹೊಟ್ಟೆಯಲ್ಲಿ ಏನೋ ಆಯ್ತು.

ಈ ಮುಂದಿನದನ್ನ ಯಾರಿಗೂ ಹೇಳಿಲ್ಲ ಇಲ್ಲಿಯವರೆಗೆ.

2018ರ ಜನವರಿ. ಐದನೇ ಸೆಮಿಸ್ಟರ್ ಮುಗಿಸಿ ಊರಿಗೆ ಬರುವಾಗ, "ಹಿಂದಿನ ಟೈರು ಹೋಗೈತೆ, ಬರ್ತಾ ಒಂದು ತಗೊಂಬಾ" ಅಂತ ಅಪ್ಪ ಮೊದಲೇ ದುಡ್ಡು ಕೊಟ್ಟು ಕಳಿಸಿದ್ದರು. ಅಂಗಡಿಗೆ ಹೋಗಿ 2.75-18 ಕೇಳಿದೆ. ಅಂಗಡಿಯವರು, "ಮುಂದಕ್ಕಾ ಹಿಂದಕ್ಕಾ?" ಅಂತ ಕೇಳಿದರು. ನಾನು ಕೇಳಿದ್ದು, "ಯಾವುದು ಕಡಿಮೆ?" ಅಂತ. ಸೈಜು ಒಂದೇ ಅಲ್ವಾ, ಇನ್ನೇನು ವ್ಯತ್ಯಾಸ ಅಂತ ನನ್ನ ಜಾಣತನ. ಮುಂದಿನದನ್ನ ತಗೊಂಡೆ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಹೆಡ್‌ಫೋನ್ ತಗೊಂಡೆ. ಮನೆಗೆ ಬಂದು ಯೂಟ್ಯೂಬ್ ನೋಡ್ಕೊಂಡು ನಾನೇ ಟೈರು ಹಾಕಿದೆ. ಅಮ್ಮ ಪಕ್ಕದ ಮನೆಯವರಿಗೆಲ್ಲ, "ನಮ್ಮುಡುಗ ಎಲ್ಲಾ ಮಾಡ್ತಾನೆ" ಅಂತ ಹೇಳಿಕೊಂಡು ಬಂದಳು.

ಮೇ ತಿಂಗಳಲ್ಲಿ, ಸುಡು ಬಿಸಿಲಲ್ಲಿ, ಅಪ್ಪ ಟಮೋಟ ಬಾಕ್ಸು ಕಟ್ಟಿಕೊಂಡು ವಡ್ಡಹಳ್ಳಿ ಮಾರ್ಕೆಟ್ಟಿಗೆ ಹೋಗ್ತಿದ್ದಾಗ ಹಿಂದಿನ ಟೈರು ಸಿಡಿದು ಗಾಡಿ ಬಿತ್ತು. ಎಡಗೈ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರು. ಹಸುಗಳ ಕೆಲಸವೆಲ್ಲ ಅಮ್ಮ ಒಬ್ಬಳದೇ. ನನಗೆ ಗೊತ್ತಾಗಿದ್ದು ಪರೀಕ್ಷೆ ಮುಗಿಸಿ ಮನೆಗೆ ಹೋದಾಗ. "ರೋಡು ಸರಿಯಿಲ್ಲ" ಅಂದರು ಅಪ್ಪ. ನಾನೂ ರೋಡಿಗೇ ಬೈದೆ. ಈಗಲೂ ಅವರ ಎಡಗೈ ಪೂರ್ತಿ ತಿರುಗಲ್ಲ. ಹಾಲಿನ ಕ್ಯಾನಿನ ಮುಚ್ಚಳ ತೆಗೆಯೋಕೆ ಅಮ್ಮನನ್ನ ಕರೀತಾರೆ.

ಜಗಲಿಯಿಂದ ಎದ್ದು ಸೀದಾ ಕೊಟ್ಟಿಗೆ ಹಿಂದಕ್ಕೆ ಹೋದೆ. ನಮ್ಮಲ್ಲಿ ಹಳೇ ಟೈರು ಎಸೆಯಲ್ಲ, ಹುಲ್ಲಿನ ಮೇಲೆ ಹೊದಿಸಿದ ಟಾರ್ಪಾಲು ಹಾರದಿರಲಿ ಅಂತ ಮೇಲೆ ಹಾಕಿರ್ತೀವಿ. ಮೂರನೆಯದು ಅದೇ, ಪಕ್ಕದಲ್ಲಿ ಗೇಣುದ್ದ ಸೀಳಿತ್ತು. ಸಗಣಿ ಒರೆಸಿ ಓದಿದೆ. 2.75-18, 4ಪಿಆರ್, 42ಪಿ.

ಮತ್ತೆ ಪೇಪರು ಹಿಡಿದು ಕೂತೆ. ಗಾಡಿ ಸುಮಾರು 110 ಕೆಜಿ, ಅದರಲ್ಲಿ ಹಿಂದಿನ ಚಕ್ರದ ಮೇಲೆ 60 ಅನ್ನೋಣ. ಅಪ್ಪ 65 ಕೆಜಿ, ಅದರಲ್ಲಿ ಹಿಂದಕ್ಕೆ 40. ಟಮೋಟ ಬಾಕ್ಸು ಒಂದಕ್ಕೆ 15 ಕೆಜಿ, ನಾಲ್ಕಕ್ಕೆ 60, ಬಾಕ್ಸಿನ ತೂಕ ಸೇರಿ 65. ಅದು ಪೂರ್ತಿ ಹಿಂದಿನ ಚಕ್ರದ ಮೇಲೆಯೇ. ಒಟ್ಟು 165. ಟೈರಿನ ತಾಕತ್ತು 150. ಅದೂ ಗಾಳಿ ಸರಿಯಾಗಿದ್ದರೆ. ಗಾಳಿ ಕಮ್ಮಿ ಇದ್ದರೆ ಪಕ್ಕದ ಗೋಡೆ ಸುತ್ತಿಗೊಮ್ಮೆ ಮಡಚಿ ಮಡಚಿ ಬಿಸಿಯಾಗುತ್ತೆ, ಮೇಲೆ ಮೇ ತಿಂಗಳ ಟಾರು ರೋಡು.

ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮುದ್ದೆ ಮುರಿಯುತ್ತಾ ತಲೆ ಎತ್ತದೆ, ಟೈರು, ದುಡ್ಡು, ಹೆಡ್‌ಫೋನು ಎಲ್ಲಾ.

ಅಪ್ಪ ಸಾರು ಬಡಿಸಿಕೊಂಡರು. "ಗೊತ್ತು" ಅಂದರು.

"ಏನ್ ಗೊತ್ತು?"

"ಪಂಚರ್ ಅಂಗಡಿಯವನು ಅವತ್ತೇ ನೋಡಿ ಅಂದ. ಮುಂದಿನ ಟೈರು ಹಿಂದಕ್ಕೆ ಯಾರು ಹಾಕಿದ್ದು ಅಂತ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಪರೀಕ್ಷೆ ಇತ್ತಲ್ಲೋ ನಿಂಗೆ."

ಪರೀಕ್ಷೆ ಮುಗಿದು ಏಳು ವರ್ಷ ಆಯ್ತು. ನನಗೆ ಮಾತೇ ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಪ್ಪನೇ ಹೇಳಿದರು, "ಅವತ್ತು ಐದು ಬಾಕ್ಸು ಹಾಕಿದ್ದೆ. ಗಾಳೀನೂ ನೋಡಿರ್ಲಿಲ್ಲ." ಅಮ್ಮ ಅವರನ್ನ ಗುರಾಯಿಸಿದಳು. ಈ ಐದನೇ ಬಾಕ್ಸಿನ ವಿಷಯ ಅವಳಿಗೂ ಅವತ್ತೇ ಗೊತ್ತಾಗಿದ್ದು!

ಐದು ಬಾಕ್ಸಿಗೆ ಮನಸ್ಸಲ್ಲೇ ಲೆಕ್ಕ ಹಾಕಿದೆ. 180 ದಾಟುತ್ತೆ. ಅಂದ್ರೆ ಸರಿಯಾದ ಟೈರಿದ್ದರೂ ಅಂಚಿನಲ್ಲೇ ಇತ್ತು. ಇದರಿಂದ ನನಗೆ ಸಮಾಧಾನ ಆಗಬೇಕಿತ್ತೇನೋ. ಆಗಲಿಲ್ಲ. ಸರಿಯಾದ ಟೈರು ಇದ್ದಿದ್ದರೆ ತಡೀತಿತ್ತೋ ಏನೋ, ಆ ಅವಕಾಶ ತೆಗೆದಿದ್ದು ನಾನೇ ತಾನೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಮುಳಬಾಗಿಲಿಗೆ ಹೋದ್ವಿ. 80/100-18, 54ಪಿ ತಗೊಂಡೆ. 54 ಅಂದ್ರೆ 212 ಕೆಜಿ. ಅಗಲ ಹಳೆಯದಕ್ಕಿಂತ ಸ್ವಲ್ಪವೇ ಜಾಸ್ತಿ, ರಿಮ್ಮಿಗೂ ಒಪ್ಪುತ್ತೆ. ಟ್ಯೂಬ್‌ಲೆಸ್ ಅಂತ ಬರೆದಿದ್ದರೂ ಕಡ್ಡಿ ಚಕ್ರ ಆದ್ದರಿಂದ ಹೊಸ ಟ್ಯೂಬು ಹಾಕಿಸಲೇಬೇಕು. ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆ ದಿನಾಂಕ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನೂ ನೋಡಿದೆ. ತಿರುಗೋ ದಿಕ್ಕಿನ ಬಾಣವನ್ನೂ ನೋಡಿದೆ. ಈ ಸಲ ಹಾಕಿದ್ದು ನಾನಲ್ಲ, ಅಂಗಡಿಯ ಅಣ್ಣ. ಚಕ್ರ ಕೈಯಲ್ಲಿ ತಿರುಗಿಸಿ ಎಲ್ಲೂ ತಾಗ್ತಿಲ್ಲ ಅಂತ ಖಾತ್ರಿ ಮಾಡಿಕೊಟ್ಟರು.

ದೋಸೆ ತಿಂದು ಹೊರಡುವಾಗ ಅಪ್ಪ ಟೈರನ್ನ ಬೂಟುಗಾಲಲ್ಲಿ ಒಮ್ಮೆ ಒತ್ತಿ ನೋಡಿ ಕೇಳಿದರು, "ಈಗ ಐದು ಬಾಕ್ಸು ಹಾಕಬೌದಾ?"

"ಟೈರು ಹೂಂ ಅನ್ನುತ್ತೆ. ಬ್ರೇಕು ಹೂಂ ಅನ್ನಲ್ಲ. ನಾಲ್ಕೇ ಹಾಕು."

"ಸರಿ ಬಿಡು" ಅಂದರು. ಹಾಕೇ ಹಾಕ್ತಾರೆ, ನನಗೆ ಗೊತ್ತು. ಅಮ್ಮನಿಗೆ ಹೇಳಿ ಬಂದಿದೀನಿ :)

ನಿಮ್ಮ ಮನೇಲೂ ಅಪ್ಪನದೊಂದು ಹಳೇ ಗಾಡಿ ಇರುತ್ತೆ. ಮುಂದಿನ ಸಲ ಊರಿಗೆ ಹೋದಾಗ ಹಿಂದಿನ ಟೈರಿನ ಪಕ್ಕ ಕೂತು ಒಮ್ಮೆ ಓದಿ. ಸೈಜು ಆದ ಮೇಲೆ ಇನ್ನೊಂದು ನಂಬರು ಇರುತ್ತಲ್ಲ, ಅದನ್ನ ಓದಿ.